ಬಿಸಿಲು ಜಗಲಿಗೆ ಬರುವವರೆಗೆ

ಕೋದಂಡರಾಮಪ್ಪನ ಸ್ಕೂಟರು ತಮ್ಮ ಓಣಿಗೆ ತಿರುಗಿದ್ದನ್ನು ಕಂಡು ಆವಲಪ್ಪನ ಬಾಯಲ್ಲಿದ್ದ ಕಾಫಿ ಕಹಿಯಾಯಿತು. ಬೀದಿ ಗುಡಿಸುತ್ತಿದ್ದ ಎದುರು ಮನೆಯಾಕೆ ಪೊರಕೆ ಅಲ್ಲೇ ಬಿಟ್ಟು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಹೋಳೂರಿನಲ್ಲಿ ಆ ಸ್ಕೂಟರು ಬಂತೆಂದರೆ ಏನರ್ಥ ಎಂದು ಮಕ್ಕಳಿಗೂ ಗೊತ್ತು. ಶ್ರೀನಿವಾಸಪುರದಲ್ಲಿ ಕೋದಂಡರಾಮಪ್ಪನ ಸ್ಟುಡಿಯೋ. ಕಾಯಿಲೆಯವರು ಇನ್ನು ಉಳಿಯುವುದಿಲ್ಲ ಎಂದು ಖಾತ್ರಿಯಾದ ಮೇಲೆ ಮನೆಯವರು ಅವನಿಗೆ ಹೇಳಿಕಳಿಸುತ್ತಾರೆ. ಹೋಗುವವರು ಸ್ನಾನ ಮಾಡಿ, ಹೊಸ ಬಟ್ಟೆ ಉಟ್ಟು, ಜಗಲಿಯ ಮೇಲೆ ಕುರ್ಚಿ ಹಾಕಿಸಿಕೊಂಡು ಕೂರಬೇಕು. ಮುಂದೆ ಗೋಡೆಗೇರಿ ಹಾರ ಹಾಕಿಸಿಕೊಳ್ಳುವುದು ಅದೇ ಫೋಟೋ. ಈಗ ಮನೆಮಂದಿಗೆಲ್ಲ ಫೋನು ಬಂದಿದೆ, ಕೂತರೆ ನಿಂತರೆ ಫೋಟೋ. ಆದರೂ ಗೋಡೆಯ ಫೋಟೋ ಅವನೇ ತೆಗೆಯಬೇಕು.

ಸ್ಕೂಟರು ಇವರ ಮನೆ ಮುಂದೆಯೇ ನಿಂತಿತು.

"ಏನಪ್ಪಾ ಆವಲಪ್ಪ, ಚೆನ್ನಾಗಿದೀಯಾ?"

"ನೀನು ಬರೋವರೆಗೂ ಚೆನ್ನಾಗೇ ಇದ್ದೆ ಕಣಯ್ಯ."

ಕೋದಂಡರಾಮಪ್ಪ ನಗಲಿಲ್ಲ. ಒಳಗಿಂದ ಮಗ ಕದಿರೇಶ ಓಡಿಬಂದ. ವೇಮಗಲ್ಲಿನ ಫ್ಯಾಕ್ಟರಿಗೆ ಹೋಗಬೇಕಾದವನು ರಜೆ ಹಾಕಿ ಮನೆಯಲ್ಲೇ ಉಳಿದಿದ್ದ. "ಹಳೇ ಫೋಟೋಗಳದ್ದು ಕೋಲಾರದಲ್ಲಿ ಪ್ರದರ್ಶನ ಇಡ್ತಾರಂತೆ ನಾಯ್ನಾ. ಅದರಲ್ಲಿರೋರು ಯಾರ್ಯಾರು ಅಂತ ಹೇಳೋರು ಬೇಕಂತೆ. ಊರಲ್ಲಿ ನಿನ್ನ ಬಿಟ್ರೆ ಇನ್ಯಾರಿದಾರೆ?" ಎಂದ, ಅಪ್ಪನ ಮುಖ ನೋಡದೆ.

ಆವಲಪ್ಪನಿಗೆ ಹೋದ ವಾರದ ಆಸ್ಪತ್ರೆ ನೆನಪಾಯಿತು. ಬಿಡದ ಕೆಮ್ಮು ತೋರಿಸಲು ಕೋಲಾರಕ್ಕೆ ಹೋಗಿದ್ದರು. ಹೇಗೂ ಬಂದಿದ್ದೀರಲ್ಲ ಎಂದು ಗಂಡ ಹೆಂಡತಿ ಇಬ್ಬರನ್ನೂ ಪರೀಕ್ಷೆ ಮಾಡಿದರು. "ಕೆಮ್ಮೋದು ಅವರು, ಸೂಜಿ ನಂಗಾ?" ಎಂದು ಆಂಜಿನಮ್ಮ ನರ್ಸನ್ನು ನಗಿಸಿದ್ದಳು. ಆಮೇಲೆ ಡಾಕ್ಟರು ಕದಿರೇಶನೊಬ್ಬನನ್ನೇ ಒಳಗೆ ಕರೆದರು. ಹೊರಗೆ ಬಂದ ಮಗನ ಮುಖದಲ್ಲಿ ರಕ್ತವಿರಲಿಲ್ಲ.

ಅಂದಿನಿಂದ ಮನೆಯಲ್ಲಿ ಪಿಸುಮಾತು. ಮೊನ್ನೆ ಹಿತ್ತಲಲ್ಲಿ ಸೊಸೆ ಸುನಂದ ಹೇಳಿದ್ದು ಕಿವಿಗೆ ಬಿದ್ದಿತ್ತು: "ಮಾವನಿಗೆ ಈಗಲೇ ಹೇಳೋದು ಬೇಡ. ತಡ್ಕೊಳ್ಳಲ್ಲ." ಮಾತೆತ್ತಿದರೆ ಸಿಡುಕುವ ಆಂಜಿನಮ್ಮ ಬೈಯುವುದನ್ನೇ ಬಿಟ್ಟಿದ್ದಳು. ನಿನ್ನೆ ಸೊಸೆಯನ್ನು ಒಲೆ ಮುಂದೆ ಕೂರಿಸಿಕೊಂಡು, "ಅವರಿಗೆ ಮುದ್ದೆ ಮೆತ್ತಗಿರಬೇಕು ಕಣೇ. ಗಟ್ಟಿಯಾದ್ರೆ ಹಂಗೇ ಎದ್ದು ಹೋಗ್ತಾರೆ, ಇನ್ನೊಂದ್ಸಲ ಕೇಳಲ್ಲ" ಎಂದು ಹೇಳಿಕೊಡುತ್ತಿದ್ದಳು. ಡಾಕ್ಟರಿಗಿಂತ, ಬೈಯದ ಹೆಂಡತಿಯನ್ನು ಕಂಡೇ ಅವನಿಗೆ ಹೆಚ್ಚು ದಿಗಿಲಾದದ್ದು.

"ಬಿಸಿಲು ಜಗಲಿಗೆ ಬರೋವರೆಗೂ ಟೈಮಿದೆ. ಅಷ್ಟರಲ್ಲಿ ಇವನ್ನ ನೋಡು," ಎಂದು ಕೋದಂಡರಾಮಪ್ಪ ಫೋಟೋಗಳ ಕಟ್ಟು ಬಿಚ್ಚಿದ.

"ಹೆಸರು ಹೇಳೋಕೆ ಬಿಸಿಲು ಯಾಕಯ್ಯ?"

ಕೋದಂಡರಾಮಪ್ಪ ಮೊದಲ ಫೋಟೋವನ್ನು ಅವನ ಕೈಗಿಟ್ಟ.

ಮೇಲಿದ್ದವುಗಳಲ್ಲಿ ಊರಿನ ಹಳೆಯ ಬದುಕೇ ಇತ್ತು. ಕಪಿಲೆ ಬಾವಿಯಿಂದ ನೀರೆಳೆಯುವ ಎತ್ತುಗಳು. ಗೂಡು ಕಟ್ಟಲೆಂದು ಬಿದಿರಿನ ಚಂದ್ರಿಕೆಗೆ ರೇಷ್ಮೆ ಹುಳ ಬಿಡುವ ಹೆಂಗಸರು. ಕಣದಲ್ಲಿ ರಾಗಿ ತೂರುವವರು. ಹೊಸ ಬಾವಿಯಲ್ಲಿ ನೀರು ಬಿದ್ದ ದಿನ ಮೈಯೆಲ್ಲ ಕೆಸರು ಮೆತ್ತಿಕೊಂಡು ನಗುವ ಗಂಡಸರು.

"ಅಬ್ಬೋ, ಇವನು ನಾನೇ ಅಲ್ವೇನೋ! ತಲೆ ತುಂಬಾ ಕೂದಲು ನೋಡು!" ಆವಲಪ್ಪನ ಮೈ ಕೊಂಚ ಸಡಿಲವಾಯಿತು.

ಅದರ ಕೆಳಗೆ ಜಗಲಿಗಳು ಶುರುವಾದವು.

ಕುರ್ಚಿ. ಹೊಸ ಪಂಚೆ. ಎಣ್ಣೆ ಹಾಕಿ ಬಾಚಿದ ತಲೆ. ಕ್ಯಾಮೆರಾದ ಆಚೆ ಏನನ್ನೋ ನೋಡುತ್ತಿರುವ ಕಣ್ಣು.

"ನಮ್ಮ ದೊಡ್ಡಪ್ಪ. ಇದಾದ ಮೇಲೆ ಇನ್ನೊಂದು ಹುಣ್ಣಿಮೆ ನೋಡಲಿಲ್ಲ." ಮುಂದಿನದು. "ಮೇಲಿನ ಮನೆ ಎಲ್ಲಮ್ಮ. ಮಾರನೇ ದಿನವೇ." ಮೂರನೆಯದನ್ನು ಅವೆರಡರ ಪಕ್ಕಕ್ಕಿಟ್ಟ. ಕುರ್ಚಿ ಬೇರೆ, ಜಗಲಿ ಬೇರೆ. ಕೂತ ರೀತಿ ಮಾತ್ರ ಒಂದೇ. ಮಂಡಿಯ ಮೇಲೆ ಕೈಯಿಟ್ಟುಕೊಂಡು, ತಮ್ಮ ಹೆಸರು ಕೂಗುವುದನ್ನೇ ಕಾಯುವವರ ಹಾಗೆ.

"ಯಾಕೆ ತೆಗೀತಿದೀಯ ಅಂತ ಇವರಿಗೆಲ್ಲ ಗೊತ್ತಿತ್ತಾ?"

"ಕೂತೋರಿಗೆ ಗೊತ್ತಿರುತ್ತೆ," ಎಂದ ಕೋದಂಡರಾಮಪ್ಪ. "ಗೊತ್ತಾಗದೆ ಇರೋದು ಪಕ್ಕದಲ್ಲಿರೋರಿಗೆ."

ಬಚ್ಚಲ ಮನೆಯ ಹೊಗೆ ಮಾಡಿನಿಂದ ಏಳುತ್ತಿತ್ತು. ಸ್ನಾನಕ್ಕೆ ನೀರು ಕಾಯಿಸುತ್ತಿದ್ದಾರೆ. ಸುನಂದ ಬಟ್ಟೆ ಅಂಗಡಿಯ ಚೀಲವೊಂದನ್ನು ಸೆರಗಿನಡಿ ಮರೆಮಾಡಿಕೊಂಡು ನಡುಮನೆ ದಾಟಿದಳು. ಕದಿರೇಶ ಕುರ್ಚಿ ಹೊತ್ತು ತಂದು ಜಗಲಿಯ ಮೇಲಿಟ್ಟು, ಧೂಳಿಲ್ಲದಿದ್ದರೂ ಟವೆಲಿನಿಂದ ಒರೆಸಿದ, ಒರೆಸುತ್ತಲೇ ನಿಂತ. ಬಿಸಿಲು ಮೆಟ್ಟಿಲು ಹತ್ತಿ ಕುರ್ಚಿಯ ಕಾಲು ಮುಟ್ಟಿತು.

ಎದ್ದು ತೋಟದ ಕಡೆ ಓಡಿಬಿಡಲೇ ಎನ್ನಿಸಿತು ಆವಲಪ್ಪನಿಗೆ. ಓಡಿ ಎಲ್ಲಿಗೆ? ಕಣ್ಣು ಮುಚ್ಚಿದ. ವೆಂಕಟರಮಣಾ, ನನ್ನ ಕರ್ಕೊಳ್ಳೋದಾದ್ರೆ ಕರ್ಕೋ. ನಾನಿಲ್ಲದೆ ಅವಳಿಗೆ ಒಂದು ದಿನವೂ ಬಾಳೋಕೆ ಬರಲ್ಲ. ಅವಳನ್ನ ಮಾತ್ರ ಕೈ ಬಿಡಬೇಡ.

ಹಾಗೆ ಬೇಡಿಕೊಂಡ ಮೇಲೆ ಭಯ ಸ್ವಲ್ಪ ಇಳಿಯಿತು. ಹೆಗಲ ಮೇಲಿನ ಟವೆಲು ಸರಿಮಾಡಿಕೊಂಡು ಎದ್ದ. ಯಾರ ಕೈಯನ್ನೂ ಹಿಡಿಯದೆ ನಡೆದು ಕುರ್ಚಿಯಲ್ಲಿ ಕೂತ. ಮಂಡಿಯ ಮೇಲೆ ಕೈಯಿಟ್ಟುಕೊಂಡ.

"ತೆಗಿ ಕೋದಂಡ. ನಂಗೆಲ್ಲಾ ಗೊತ್ತಾಗಿದೆ. ನನ್ನ ಹತ್ರ ಮುಚ್ಚಿಟ್ಟಿದ್ದು ಸಾಕು."

ಕೋದಂಡರಾಮಪ್ಪ ಕ್ಯಾಮೆರಾ ಎತ್ತಲಿಲ್ಲ. ಕದಿರೇಶ ಗೋಡೆಗೆ ಮುಖ ಮಾಡಿ ನಿಂತ. ಅವನ ಬೆನ್ನು ಅದುರುತ್ತಿತ್ತು.

ಹೊಸಿಲಿನ ಹತ್ತಿರ ಬಳೆ ಸದ್ದಾಯಿತು. ಆವಲಪ್ಪ ತಿರುಗಿ ನೋಡಿದ. ಮಡಿಕೆ ಬಿಡದ ಹೊಸ ಸೀರೆ ಉಟ್ಟು, ಒದ್ದೆ ತಲೆ ಬಾಚಿ, ಸುನಂದಳ ಹೆಗಲು ಹಿಡಿದು ಆಂಜಿನಮ್ಮ ನಿಂತಿದ್ದಳು.

"ಏಳಿ, ಬಿಸಿಲು ಹೋಗುತ್ತೆ," ಎಂದಳು. "ಆ ಕುರ್ಚಿ ನಂಗೆ ಹಾಕಿರೋದು."