ಕಾಗೆಗೆ ಇಟ್ಟ ಎಡೆ

ಊರಲ್ಲಿ ಕಾಗೆಗಳು ಇಲ್ಲವಾಗಿ ಎಷ್ಟೋ ವರ್ಷವಾಗಿತ್ತು. ಆದರೂ ಗಂಡನ ಹನ್ನೆರಡನೆಯ ದಿನ ಬುದವಂತಿ ಉಪ್ಪುನೀರು ನುಗ್ಗುವ ಗಜನಿ ಗದ್ದೆಯ ಬದುವಿನ ಮೇಲೆ ಬಾಳೆಲೆ ಹಾಸಿ ಅನ್ನ, ಏಡಿ ಸಾರು ಬಡಿಸಿದಳು. ಅತ್ತೆ ಕೈಮುಗಿದು ಕೂತಳು.

ಬಂದಿಳಿದದ್ದು ಕೊಕ್ಕರೆ. ಅದರ ಕಾಲಲ್ಲಿ ಸರ್ಕಾರದ ಬಳೆಯಿತ್ತು. ಕಡಲಂಚಿನ ಯಾವ ಜವುಗನ್ನು ಸ್ವಾಧೀನಕ್ಕೆ ತೆಗೆದುಕೊಂಡು ಕಾಯಬೇಕೆಂದು ಸರ್ಕಾರ ಈಗ ಕೊಕ್ಕರೆಗಳನ್ನೇ ಕೇಳುತ್ತದೆ. ಅದು ಇಳಿದು ಉಂಡ ನೆಲ ಅದರದ್ದು. ಕಡಲಿನ ಮುಂದಿನ ಭರತದ ನೀರು ಏರುವುದರೊಳಗೆ ಮನುಷ್ಯರು ಜಾಗ ಖಾಲಿ ಮಾಡಬೇಕು. ಅದಕ್ಕೇ ಕೇರಿಯವರು ಬುದವಂತಿಯ ಗಂಡನನ್ನು ಡಬ್ಬ ಬಡಿಯಲು ಇಟ್ಟಿದ್ದರು. ಅವನಿದ್ದಷ್ಟು ಕಾಲ ಒಂದು ಕೊಕ್ಕರೆಯೂ ಇಲ್ಲಿ ಕಾಲೂರಿರಲಿಲ್ಲ.

ಬುದವಂತಿ ಅವನ ಡಬ್ಬ ಎತ್ತಿಕೊಂಡಳು.

“ಬಡೀಬೇಡ್ವೇ! ನನ್ನ ಮಗ ಹಸ್ಕಂಡು ಬಂದಾನೆ,” ಎಂದು ಅತ್ತೆ ಅವಳ ಕೈ ಹಿಡಿದಳು.

“ಅತ್ತಿಗೆ, ಬಡೀರಿ! ಇಡೀ ಕೇರಿ ಹೋಗ್ತದೆ!” ನೆರೆಮನೆಯ ಮಾಸ್ತಿ ಕೂಗುತ್ತ ಓಡಿಬಂದ.

ಕೊಕ್ಕರೆ ತಲೆ ಓರೆ ಮಾಡಿ ಬುದವಂತಿಯನ್ನು ನೋಡಿತು. ತುತ್ತು ಎತ್ತುವ ಮೊದಲು ಗಂಡನೂ ಹೀಗೇ ನೋಡುತ್ತಿದ್ದ. ಅವಳ ಕೈ ಏಳಲಿಲ್ಲ.

ಕೊಕ್ಕರೆ ಏಡಿಯನ್ನು ಬಿಟ್ಟು ಮೊದಲು ಅನ್ನವನ್ನೇ ಮುಟ್ಟಿತು. ಕಾಲಿನ ಬಳೆಯಲ್ಲಿ ಕೆಂಪು ದೀಪ ಹತ್ತಿತು.

“ಉಂಡ, ನನ್ನ ಮಗ ಉಂಡ,” ಎಂದು ಅತ್ತೆ ಅತ್ತಳು.

ಮಾಸ್ತಿ ಎಡೆಗೆ ಕೈಮುಗಿದು, ತನ್ನ ಮನೆಯ ಹೆಂಚು ಇಳಿಸಲು ಹೊರಟ.