ನಲ್ಲಿ ಆಫೀಸಿನ ಬೆಂಚು

“ಏಯ್, ಆ ಬೆಂಚಿನ ತಂಟೆಗೆ ಮಾತ್ರ ಹೋಗ್ಬೇಡ ಕಣಯ್ಯ!” ಎಂದು ದಫೇದಾರ ಮರಿಯಯ್ಯ ಕೂಗಿದ. ಮಲೇರಿಯಾ ಇಲಾಖೆಯ ಜವರಯ್ಯ ಡಿ.ಡಿ.ಟಿ. ಪಂಪನ್ನು ಕೆಳಗಿಟ್ಟು ತಿರುಗಿ ನೋಡಿದ. ಜನ ನಲ್ಲಿ ಆಫೀಸು ಎಂದು ಕರೆಯುತ್ತಿದ್ದ ಆ ಸರ್ಕಾರಿ ಕಚೇರಿಯ ಗೋಡೆಗಳಿಗೆಲ್ಲ ಮದ್ದು ಹೊಡೆದಾಗಿತ್ತು. ಬಾಕಿ ಇದ್ದದ್ದು ಹಜಾರದ ಉದ್ದನೆಯ ತೇಗದ ಬೆಂಚು ಮತ್ತು ಒಳಗಿನ ಸಾಹೇಬರ ಕೋಣೆ. ಸಾಹೇಬರು ಶಿವಮಲ್ಲಪ್ಪನವರು, “ನನಗೆ ಆ ವಾಸನೆ ಆಗೋಲ್ಲ, ನನ್ನ ರೂಮಿಗೆ ಬೇಡ” ಎಂದು ಬೆಳಿಗ್ಗೆಯೇ ಬಾಗಿಲು ಹಾಕಿಸಿದ್ದರು.

ಬೆಂಚಿನ ಪಕ್ಕದಲ್ಲಿ ಕಂಬಕ್ಕೆ ಒರಗಿಕೊಂಡು ಲಷ್ಕರ್ ಮೊಹಲ್ಲಾದ ಬೋರಮ್ಮ ನಿಂತಿದ್ದಳು. ನಿಲ್ಲಲಾರದೆ ನಿಂತಿದ್ದಾಳೆಂದು ನೋಡಿದರೇ ಗೊತ್ತಾಗುತ್ತಿತ್ತು.

“ಬೆಂಚು ಖಾಲಿ ಬಿದ್ದದೆ, ಕೂತ್ಕೊಬಾರ್ದೇನವ್ವ?” ಎಂದ ಜವರಯ್ಯ.

“ನೀನೇ ಕೂತ್ಕೊಂಡು ನೋಡು ಮಗ, ಗೊತ್ತಾಯ್ತದೆ. ಮೈತುಂಬ ತಿಗಣೆ! ಹೋದ ವಾರ ಕೂತಿದ್ದೆ. ಮನೆಗೋಗಿ ಸೀರೆ ಕುದಿಯೋ ನೀರಿಗಾಕೋಣ ಅಂದ್ರೆ ನೀರೇ ಇಲ್ಲ. ನೀರಿಲ್ಲ ಅಂತ ತಾನೆ ಇಲ್ಲಿಗೆ ಬತ್ತಾ ಇರೋದು!”

ಅವಳ ಬೀದಿಯ ನಲ್ಲಿ ಯುಗಾದಿಯಿಂದೀಚೆಗೆ ಒಂದು ತೊಟ್ಟು ನೀರು ಬಿಟ್ಟಿರಲಿಲ್ಲ. ಮಗಳು ಭಾಗ್ಯಮ್ಮ ಚೊಚ್ಚಲ ಬಾಣಂತನಕ್ಕೆ ಬಂದಿದ್ದಾಳೆ. ಬಾಣಂತಿಗೆ ಹಂಡೆಗಟ್ಟಲೆ ಬಿಸಿನೀರು ಹುಯ್ಯಬೇಕು, ಕೂಸಿಗೂ ಹುಯ್ಯಬೇಕು. ದೂರದ ನಲ್ಲಿಯಿಂದ ಕೊಡ ಹೊತ್ತು ಹೊತ್ತು ಬೋರಮ್ಮನ ಮಂಡಿ ಊದಿಕೊಂಡಿತ್ತು. ಬಾಣಂತಿಗೆ ಚೊಂಬು ನೀರಲ್ಲಿ ಸ್ನಾನ ಮಾಡಿಸಿದಳು ಅಂತ ಬೀಗರು ಆಡಿಕೊಂಡರೆ ತಲೆಯೆತ್ತಿ ತಿರುಗುವುದು ಹೇಗೆ? ಅದಕ್ಕಿಂತ ಹೆಚ್ಚಾಗಿ, ನಡು ನೋವು ಅಂತ ಮಲಗಿರುವ ಮಗಳ ಮುಖ ನೋಡುವುದು ಹೇಗೆ?

ಮರಿಯಯ್ಯ ಜವರಯ್ಯನನ್ನು ಮೂಲೆಗೆ ಕರೆದು ಪಿಸುಗುಟ್ಟಿದ. “ನಿಜವಾದ ಜವಾನ್ರು ಅಂದ್ರೆ ಆ ತಿಗಣೆಗಳೇ ಕಣಯ್ಯ. ಬಂದೋರಿಗೆಲ್ಲ ನಾನು ಮರ್ಯಾದೆಯಾಗಿ, ‘ಕೂತ್ಕೊಳ್ಳಿ ಕೂತ್ಕೊಳ್ಳಿ, ಸಾಹೇಬ್ರು ಕರೀತಾರೆ’ ಅಂತೀನಿ. ಮಿಕ್ಕಿದ್ದು ಅವೇ ನೋಡ್ಕೋತವೆ. ಹೋಗಿ ಅಂತ ಒಬ್ಬರಿಗೂ ಬಾಯಿಬಿಟ್ಟು ಹೇಳಿದೋನಲ್ಲ ನಾನು!”

ಜವರಯ್ಯನಿಗೆ ನಗು ಬಂತು. ಬೋರಮ್ಮನ ಮಂಡಿ ಕಂಡು ಸಿಟ್ಟೂ ಬಂತು. “ಸೊಳ್ಳೆಯಾದ್ರೇನು, ತಿಗಣೆಯಾದ್ರೇನು, ರಕ್ತ ಕುಡಿಯೋವೇ ತಾನೆ?” ಎಂದವನೇ ಬೆಂಚನ್ನು ದಬಕ್ಕನೆ ಮಗುಚಿ ಹಾಕಿ ಸಂದುಗೊಂದಿಗೆಲ್ಲ ಮದ್ದು ಹೊಡೆದ. ಮರಿಯಯ್ಯ ತಲೆಯ ಮೇಲೆ ಕೈಹೊತ್ತು ಕೂತ. ಬೆಂಚಿನ ಮೇಲಲ್ಲ, ನೆಲದ ಮೇಲೆ.

ಅರ್ಧ ತಿಗಣೆಗಳು ಸತ್ತವು. ಮಿಕ್ಕವು ಸರ್ಕಾರಿ ತಿಗಣೆಗಳಲ್ಲವೇ, ವರ್ಗ ಮಾಡಿಸಿಕೊಂಡವು! ಮದ್ದು ಬೀಳದೆ ಉಳಿದಿದ್ದ ಜಾಗ ಸಾಹೇಬರ ಕೋಣೆಯೊಂದೇ. ಬಾಗಿಲ ಸಂದಿಯಲ್ಲಿ ನುಸುಳಿ ಸಂಸಾರ ಸಮೇತ ಅಲ್ಲಿನ ಬೆತ್ತದ ಕುರ್ಚಿ ಸೇರಿಕೊಂಡವು.

ಮಾರನೆಯ ದಿನ ಬೋರಮ್ಮ ಹೆದರುತ್ತಲೇ ಬೆಂಚಿನ ತುದಿಯಲ್ಲಿ ಕೂತಳು. ಏನೂ ಕಚ್ಚಲಿಲ್ಲ. ನಡುವಿಗೆ ಸರಿದು, ಕಾಲು ನೀಡಿ, “ಅಪ್ಪಾ ಶಿವನೇ!” ಎಂದು ಎಲೆಅಡಿಕೆ ಚೀಲ ಬಿಚ್ಚಿದಳು. ಒಳಗೆ ಸಾಹೇಬರು ಕೂತರು, ಎದ್ದರು. ಮತ್ತೆ ಕೂತರು, ಮತ್ತೆ ಎದ್ದರು. ಕೊನೆಗೆ ಬೆನ್ನು ಕೆರೆದುಕೊಳ್ಳುತ್ತ ಹಜಾರಕ್ಕೇ ಬಂದುಬಿಟ್ಟರು.

“ಏನಮ್ಮ ನಿಂದು?”

“ನಲ್ಲಿ, ಬುದ್ಧಿ.”

“ನೋಡೋಣ, ಆಮೇಲೆ ಬಾ.”

“ಬರೋದ್ಯಾಕೆ ಬುದ್ಧಿ, ಇಲ್ಲೇ ಕೂತಿರ್ತೀನಿ ಬುಡಿ. ಬೆಂಚು ಚೆಂದಾಗದೆ.”

ಸಾಹೇಬರು ಒಳಗಿನ ಕುರ್ಚಿಯತ್ತ ನೋಡಿದರು, ಬೆಂಚಿನತ್ತ ನೋಡಿದರು. ಅಲ್ಲಿ ಕೂರುವಂತಿಲ್ಲ, ಇಲ್ಲಿ ಬೋರಮ್ಮನ ಪಕ್ಕ ಕೂತರೆ ಗತ್ತು ಉಳಿಯುವುದಿಲ್ಲ. “ನಡಿಯಮ್ಮ, ಆ ನಲ್ಲೀನೇ ನೋಡ್ಬಿಡೋಣ” ಎಂದು ಹೊರಟೇಬಿಟ್ಟರು. ಮರಿಯಯ್ಯ ತೆರೆದ ಬಾಯಿ ಮುಚ್ಚುವುದನ್ನೇ ಮರೆತ.

ಸಾಹೇಬರೇ ಖುದ್ದಾಗಿ ಎದುರು ನಿಂತರೆ ಯಾವ ಕೆಲಸ ತಾನೇ ನಿಲ್ಲುತ್ತದೆ? ಪೈಪಿನವರು ಓಡಿ ಬಂದರು, ಅಗೆದರು, ಕಟ್ಟಿಕೊಂಡಿದ್ದ ಮಣ್ಣು ತೆಗೆದರು. ಯಾರೋ ಸ್ಟೂಲು ತಂದಿಟ್ಟರೆ, “ಬೇಡ, ಬೇಡ, ನಿಂತೇ ಇರ್ತೀನಿ” ಎಂದು ಸಾಹೇಬರು ಮಾರುದೂರ ಸರಿದರು. “ಎಂಥ ಸರಳ ಮನುಷ್ಯ!” ಎಂದಿತು ಬೀದಿ. ಸಂಜೆಯ ಹೊತ್ತಿಗೆ ನಲ್ಲಿ ಒಮ್ಮೆ ಕೆಮ್ಮಿ, ಕೆಂಪುನೀರು ಕಾರಿ, ಆಮೇಲೆ ಧೋ ಎಂದು ಸುರಿಯಿತು. ಭಾಗ್ಯಮ್ಮನ ನಡುವಿಗೆ ಹಂಡೆ ಬರಿದಾಗುವವರೆಗೆ ಬಿಸಿನೀರು ಹುಯ್ದ ಬೋರಮ್ಮ, ಸಾಂಬ್ರಾಣಿ ಹೊಗೆಯ ನೆಪದಲ್ಲಿ ಚೆನ್ನಾಗಿ ಅತ್ತಳು. ಅಷ್ಟು ಸಂತೋಷವಾಗಿತ್ತು ಅವಳಿಗೆ.

ಆ ವಾರವೆಲ್ಲ ಸಾಹೇಬರು ಕುರ್ಚಿ ಬಿಟ್ಟು ಬೀದಿ ಬೀದಿ ಸುತ್ತಿದರು. ವಾರ ಕಳೆದ ಮೇಲೆ ತಡೆಯಲಾರದೆ ಜವರಯ್ಯನಿಗೆ ತಾವೇ ಹೇಳಿ ಕಳಿಸಿದರು. ಅವನು ಪಂಪು ಹೊತ್ತು ಬಂದಾಗ, ಮರಿಯಯ್ಯನ ಬಾಯಿಂದ ಕುರ್ಚಿಯ ಸುದ್ದಿಯೆಲ್ಲ ತಿಳಿದಿದ್ದ ಬೋರಮ್ಮ ಬೆಂಚಿನ ಮೇಲೇ ಕೂತಿದ್ದಳು, ಕೂಸಿಗೆ ಹೆಸರಿಟ್ಟ ದಿನದ ಸಜ್ಜಪ್ಪ ಅವನಿಗೆಂದು ಸೆರಗಿನಲ್ಲಿ ಕಟ್ಟಿಕೊಂಡು. ಸಜ್ಜಪ್ಪವನ್ನು ಅವನ ಕೈಗಿಟ್ಟು, ಸಾಹೇಬರ ಬಾಗಿಲತ್ತ ಒಮ್ಮೆ ನೋಡಿ, ಮೆಲ್ಲಗೆ ಹೇಳಿದಳು:

“ಗೋಡೆಗೆ ಎಷ್ಟಾದ್ರೂ ಹೊಡಿ ಮಗ. ಕುರ್ಚಿಗೆ ಮಾತ್ರ ಬ್ಯಾಡ ಕಣಪ್ಪ. ಹಿಂದ್ಗಡೆ ಬೀದಿ ನಲ್ಲೀಲಿ ಇನ್ನೂ ನೀರು ಬಂದಿಲ್ಲ. ಅಲ್ಲೂ ಒಬ್ಳು ದಿನ ತುಂಬಿದ ಬಸುರಿ ಅವ್ಳೆ.”