ನೀರು ತೆಗೆಸುವ ಹಿಂದಿನ ಬುಧವಾರ

“ಇಕಿ ಬುಧವಾರ ಎಲ್ಲಿಗೆ ಹೋಗ್ತಾಳ, ಅಷ್ಟ ಹೇಳಿ ಮುಂದ ಹೋಗ್ರಿ ಅಕ್ಕಾರ,” ಎಂದು ಸೋಮನಿಂಗ ರಾಜಶ್ರೀಯ ಸ್ಕೂಟಿಗೆ ಅಡ್ಡ ನಿಂತ.

ರಾಜಶ್ರೀ ವಿಜಯಪುರದ ಒಂದು ಆಸ್ಪತ್ರೆಯ ಆಪ್ತಸಮಾಲೋಚಕಿ. ತಿಂಗಳಿಗೆರಡು ಸಲ ತಾಂಬಾ ಹಳ್ಳಿಗೆ ಬಂದು, ಬಾಗಿಲು ಮುಂದೆ ಮಾಡಿಕೊಂಡು, ಸೋಮನಿಂಗನ ಹೆಂಡತಿ ರೇವವ್ವನ ಜೊತೆ ಒಂದು ತಾಸು ಮಾತಾಡಿ ಹೋಗುತ್ತಿದ್ದಳು. ನಲವತ್ತೊಂದರ ರೇವವ್ವನಿಗೆ ಅಂಡಾಶಯದ ಕ್ಯಾನ್ಸರ್. ಹೊಟ್ಟೆಯ ತುಂಬ ಹಬ್ಬಿದ ಮೇಲೆ ಗೊತ್ತಾಗಿದ್ದು. ಇದು ವಾಸಿಯಾಗುವಂಥದ್ದಲ್ಲ ಎಂದು ಡಾಕ್ಟರು ಗಂಡಹೆಂಡಿರಿಬ್ಬರಿಗೂ ಹೇಳಿಬಿಟ್ಟಿದ್ದರು. ಸಮಾಲೋಚಕಿ ಎಂದರೆ ಬುದ್ಧಿ ಹೇಳುವವಳು ಎಂದುಕೊಂಡಿದ್ದ ಸೋಮನಿಂಗನಿಗೆ ಒಳಗಿನಿಂದ ನಗು ಕೇಳಿಬಂದಾಗಲೆಲ್ಲ ಸೋಜಿಗ. ಇಂಥ ರೋಗದಲ್ಲಿ ನಗುವಂಥದ್ದು ಏನಿದೆ?

ಅದಕ್ಕಿಂತ ದೊಡ್ಡ ಸೋಜಿಗ ಆ ಬುಧವಾರದ್ದು. ರೇವವ್ವನ ಹೊಟ್ಟೆಯಲ್ಲಿ ನೀರು ತುಂಬುತ್ತಿತ್ತು. ಎರಡು ವಾರಕ್ಕೊಮ್ಮೆ, ಗುರುವಾರ, ಆಸ್ಪತ್ರೆಗೆ ಹೋಗಿ ತೆಗೆಸಬೇಕು. ಹಿಂದಿನ ದಿನ ಹೊಟ್ಟೆ ಬಿಗಿದು ಉಸಿರಾಡಲೂ ಕಷ್ಟ. ಹಾಸಿಗೆ ಹಿಡಿಯಬೇಕಾದ ಆ ದಿನವೇ ಇವಳು ಒಳ್ಳೆಯ ಇಳಕಲ್ ಸೀರೆಯುಟ್ಟು, ಕೂದಲಿಲ್ಲದ ತಲೆಗೆ ಸೆರಗು ಹೊದ್ದು, ಒಬ್ಬಳೇ ಬಸ್ಸು ಹತ್ತುತ್ತಿದ್ದಳು. ನೀರು ತೆಗೆಸಿ ಮೈ ಹಗುರಾದ ದಿನ ಮಾತ್ರ ಎಲ್ಲಿಗೂ ಇಲ್ಲ. ಮರಳಿ ಬರುವಾಗ ಚೀಲದಲ್ಲಿ ಒಮ್ಮೆ ಎರಡು ಮಾವಿನಕಾಯಿ, ಒಮ್ಮೆ ಹಿಡಿಯಷ್ಟು ಹುಣಸೆಕಾಯಿ. ಎಲ್ಲಿಯದೆಂದು ಕೇಳಿದರೆ, “ಯಾರೋ ಕೊಟ್ರು.” ಕುರಿಯ ಹೊಟ್ಟೆ ನೋಡಿ ಅದು ಯಾವ ವಾರ ಈಯುತ್ತದೆಂದು ಹೇಳುವ ಗಂಡಸಿಗೆ ಹೆಂಡತಿಯ ಜಾಡು ಮಾತ್ರ ಸಿಗಲಿಲ್ಲ. ಬೂದಿ ಮಂತ್ರಿಸಿ ಕೊಡುವ ಯಾವನದೋ ಕೈಗೆ ಸಿಕ್ಕಳೇನೋ, ಉಳಿದ ನಾಲ್ಕು ದಿನವನ್ನೂ ಅವನೇ ನುಂಗುತ್ತಾನೇನೋ ಎಂಬ ಹೆದರಿಕೆ ಅವನನ್ನು ತಿನ್ನುತ್ತಿತ್ತು.

“ಅವ್ರು ನನ್ನ ಮುಂದ ಹೇಳಿದ್ದು ಅವ್ರದರಿ. ನಾ ಹೇಳಾಂಗಿಲ್ಲ,” ಎಂದಳು ರಾಜಶ್ರೀ. ಆಮೇಲೆ ಅವನ ಮುಖ ನೋಡಿ, ಸ್ಕೂಟಿ ನಿಲ್ಲಿಸಿ, ಮತ್ತೆ ಒಳಗೆ ಹೋಗಿ ಬಂದಳು. “ನಾಳಿ ಜೋಡಿ ಬರ್ಲಿ ಅಂದಾರ. ಬಾಯಿ ಮುಚ್ಕೊಂಡು ಬರಬೇಕಂತ.”

“ಅಲ್ಲೇನರ ತಪ್ಪ ಕಂಡ್ರ?”

“ತಿದ್ದಾಕ ಹೋಗಬ್ಯಾಡ್ರಿ. ನಾನೂ ಮೊದಲ ತಿದ್ದಬೇಕಂತ ಮಾಡಿದ್ದೆ. ಆಮ್ಯಾಲ ಬಿಟ್ಟೆ.”

ಬುಧವಾರ ಇಬ್ಬರೂ ಸಿಂದಗಿಯಲ್ಲಿ ಇಳಿದರು. ತಾಂಬಾದ ಗುರುತಿನವರೆಲ್ಲ ಚದುರುವವರೆಗೆ ರೇವವ್ವ ಕಾದಳು. ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕುಳಿತು, ಚೀಲದಿಂದ ಒಂದು ಡಜನ್ ಹಸಿರು ಬಳೆ ತೆಗೆದು ಏರಿಸಿಕೊಂಡಳು. ಸೊರಗಿದ ಕೈಗೆ ಅವು ಸಲೀಸಾಗಿ ಏರಿದವು. ಗಂಡನ ಕಡೆ ಅವಳು ನೋಡಲಿಲ್ಲ. ತಾಳಿಕೋಟೆ ಬಸ್ಸು ಬಂತು, ಕಾಲಿಡಲು ಜಾಗವಿಲ್ಲ. ಆಧಾರ್ ಕಾರ್ಡು ಹಿಡಿದ ಹೆಂಗಸರ ನಡುವೆ ರೇವವ್ವ ಒಂದು ಕೈಯನ್ನು ಸೊಂಟಕ್ಕೆ ಕೊಟ್ಟು, ಹೊಟ್ಟೆ ಮುಂದೆ ಮಾಡಿ, ನಿಧಾನಕ್ಕೆ ಮೆಟ್ಟಿಲೇರಿದಳು. ಆ ನಡಿಗೆಯನ್ನು ಸೋಮನಿಂಗ ಮನೆಯಲ್ಲಿ ಕಂಡಿರಲಿಲ್ಲ.

“ಸರೀರೆವ್ವಾ, ಸರೀರಿ. ಬಸರ ಹೆಣ್ಮಗಳು ಹತ್ಯಾಳ,” ಎಂದಳು ನಿಂಬೆಹಣ್ಣಿನ ಬುಟ್ಟಿಯ ಮುದುಕಿಯೊಬ್ಬಳು.

ಕ್ಷಣದಲ್ಲಿ ಜಾಗವಾಯಿತು. ಒಬ್ಬಳು ಕಿಟಕಿ ಬಿಟ್ಟುಕೊಟ್ಟಳು, ಇನ್ನೊಬ್ಬಳು ನೀರಿನ ಬಾಟಲಿ ಚಾಚಿದಳು, ಎರಡು ನಿಂಬೆಹಣ್ಣು ಉಡಿಗೆ ಬಿದ್ದವು. ಎಡಮಗ್ಗುಲಿಗೆ ಮಲಗಬೇಕೆಂದು ಒಬ್ಬಳು ಹೇಳಿದರೆ, ಪಪ್ಪಾಯಿ ಮುಟ್ಟಿದರೆ ನೋಡು ಎಂದು ಮತ್ತೊಬ್ಬಳು ಗದರಿದಳು. ತಾಂಬಾದಲ್ಲಿ ರೇವವ್ವ ಎದುರಾದರೆ ಹೆಂಗಸರೆಲ್ಲ ದನಿ ತಗ್ಗಿಸುತ್ತಿದ್ದರು. ಇಲ್ಲಿ ಎಲ್ಲರೂ ಗಟ್ಟಿಯಾಗಿ ಮಾತಾಡುತ್ತಿದ್ದರು. ಅವಳು ನಾಚುತ್ತ, ತಲೆಯಾಡಿಸುತ್ತ, ಒಂದೊಂದು ಮಾತನ್ನೂ ಕೇಳಿಸಿಕೊಳ್ಳುತ್ತಿದ್ದಳು. ಮದುವೆಯಾದ ಇಪ್ಪತ್ತೆರಡು ವರ್ಷಗಳಲ್ಲಿ ಅವರ ಮನೆಯಲ್ಲಿ ತೊಟ್ಟಿಲು ಕಟ್ಟಿರಲಿಲ್ಲ. ಈ ಮಾತುಗಳನ್ನು ಅವಳಿಗೆ ಯಾರೂ ಒಂದು ದಿನವೂ ಆಡಿರಲಿಲ್ಲ.

ಕಂಬಿ ಹಿಡಿದು ನಿಂತಿದ್ದ ಸೋಮನಿಂಗನಿಗೆ ಆಗ ಎಲ್ಲ ತಿಳಿಯಿತು. ನೀರು ತೆಗೆಸುವ ಹಿಂದಿನ ದಿನವೇ ಏಕೆ ಎಂಬುದೂ ತಿಳಿಯಿತು. ಇಷ್ಟು ಮಂದಿಗೆ ಸುಳ್ಳು ಹೇಳುವುದೇ ಎಂದು ಒಂದು ಮನಸ್ಸು ಸಿಡಿಮಿಡಿಗೊಂಡಿತು. ಆ ಮುಖದ ಮೇಲಿನ ನಗು ಕಂಡು ಇನ್ನೊಂದು ಮನಸ್ಸು ಸುಮ್ಮನಾಯಿತು.

ಮುದುಕಿ ಅವನ ಕಡೆ ತಿರುಗಿದಳು. “ನೀ ಇಕಿ ಗಂಡ ಏನಪಾ? ಎಷ್ಟರಾಗ ಅದಾಳ?”

ರೇವವ್ವನ ನಗು ನಿಂತಿತು. ಬಾಯಿ ಮುಚ್ಚಿಕೊಂಡು ಬಾ ಎಂದಿದ್ದವಳು ಈಗ ಅವನ ಬಾಯಿಯನ್ನೇ ನೋಡುತ್ತಿದ್ದಳು. ಅವನು ನಿಜ ಹೇಳಿದರೆ ಇಡೀ ಬಸ್ಸು ದನಿ ತಗ್ಗಿಸುತ್ತದೆ.

“ಏಳರಾಗ ಅದಾಳಬೇ,” ಎಂದ ಸೋಮನಿಂಗ. “ಮುಂದಿನ ವಾರ ಕುಬಸ, ಉಡಿ ತುಂಬೂದೈತಿ.”

“ಭಾಳ ತಡಾ ಆತಲ್ಲೋ ನಿಮಗ.”

“ಆತಬೇ. ಏನ ಮಾಡೂದು.”

ದೇವರ ಹಿಪ್ಪರಗಿಯಲ್ಲಿ ಇಳಿದರು. ಬಸ್ಸು ಮರೆಯಾಗುವವರೆಗೂ ಮುದುಕಿ ಕಿಟಕಿಯಿಂದ ಕೈ ಬೀಸುತ್ತಲೇ ಇದ್ದಳು. ತಾಂಬಾಕ್ಕೆ ಮರಳುವ ಮೊದಲು ರೇವವ್ವ ಹಸಿರು ಬಳೆಗಳನ್ನು ಒಂದೊಂದಾಗಿ ತೆಗೆದು ಗಂಡನ ಅಂಗೈಯಲ್ಲಿ ಇಡುತ್ತ, ಅವನಿಗಷ್ಟೇ ಕೇಳುವಂತೆ ಹೇಳಿದಳು:

“ಏಳಲ್ಲ, ಎಂಟು. ಏಳು ಹೋದ ತಿಂಗಳ ಮುಗದೈತಿ.”